ಒರೆಸದೆ ನೋಡಿದ ಶಾಕ್ ಅಬ್ಸಾರ್ಬರ್

ನಂಬಿಕೆಯೊಂದಿಲ್ಲದಿದ್ದರೆ ಲೋಕದಲ್ಲಿ ಯಾವ ವ್ಯವಹಾರವೂ ನಡೆಯಲಾರದು. ರೋಗಿ ವೈದ್ಯನನ್ನು, ಶಿಷ್ಯ ಗುರುವನ್ನು, ಪ್ರಯಾಣಿಕ ಚಾಲಕನನ್ನು ನಂಬಿರುವುದರಿಂದಲೇ ಭೂಮಿ ತಿರುಗುತ್ತಿದೆ. ಈ ಗಂಭೀರ ವಿಚಾರ ನನ್ನದಲ್ಲ. ನಾನು ಕೆಲಸ ಮಾಡಿದ ವರ್ಕ್‌ಶಾಪಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಬರೆಸಿದ್ದು ವಾಟರ್ ಸರ್ವೀಸ್ ಕಡೆಯ ಗೋಡೆಗೆ. ಎರಡು ವರ್ಷದಲ್ಲಿ ಅದರ ಮೇಲೆಲ್ಲ ಕಪ್ಪು ಎಣ್ಣೆ ಸಿಡಿದು, ‘ನಂಬಿಕೆ’ಯ ಒಂದಕ್ಷರವೂ ಓದಲು ಬರದ ಹಾಗಾಯಿತು.

ಆ ಎಣ್ಣೆಯ ವಿಷಯವನ್ನೇ ಬರೆಯಲು ಕೂತಿದ್ದೇನೆ. ಅದರಿಂದ ಇಲವಾಲದ ನಿಂಗರಾಜು ಎಂಬ ಟ್ಯಾಕ್ಸಿ ಡ್ರೈವರ್‌ನ ಅನ್ನಕ್ಕೆ ಕಲ್ಲು ಬಿತ್ತು. ಆ ಕಲ್ಲನ್ನು ಹಾಕಿದ ಕೈಗಳಲ್ಲಿ ಒಂದು ನನ್ನದು. ಕಾರಿನ ಸಸ್ಪೆನ್ಷನ್ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಇದನ್ನು ಓದಿದರೆ ಸಾಕು. ನನ್ನ ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕವು. ಎರಡು ಸಲವೂ ಅಂಗಿಯ ಬಣ್ಣ ಬದಲಾಯಿತು, ಒಳಗಿನ ಬನಿಯನ್ನಿನ ಗ್ರೀಸ್ ಬದಲಾಗಲಿಲ್ಲ.

ನಾನು ಕೆಲಸ ಕಲಿತದ್ದು ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿ, ಬಷೀರ್ ಸಾಬರ ಗ್ಯಾರೇಜಿನಲ್ಲಿ. ಮೇಲೆ ಸಿಮೆಂಟ್ ಶೀಟು, ಕೆಳಗೆ ಮಣ್ಣು, ನಡುವೆ ನಾವು. ಬಷೀರ್ ಸಾಬರು ಶಾಕ್ ಅಬ್ಸಾರ್ಬರ್ ಎಂದರೇನು ಎಂದು ನನಗೆ ಒಂದೇ ಒಂದು ಸಲ ಹೇಳಿಕೊಟ್ಟರು. ಗಾಡಿಯನ್ನು ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತವನ್ನು ತಡೆಯುವುದು ಶಾಕು. ಶಾಕಿನ ಒಳಗಿರುವುದು ಎಣ್ಣೆ. ಸೀಲು ಹೋದರೆ ಎಣ್ಣೆ ಹೊರಗೆ ಬರುತ್ತದೆ. ಆಮೇಲೆ ಗಾಡಿ ಕುಣಿಯುತ್ತದೆ, ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತದೆ, ಟೈರು ನೆಲವನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಟೈರಿನ ಮೇಲೆ ಅಂಗೈ ಆಡಿಸಿದರೆ ಸಣ್ಣ ಸಣ್ಣ ಹಳ್ಳ ಸಿಗುತ್ತವೆ. ಇಷ್ಟೇ ಶಾಸ್ತ್ರ.

ಒಂದು ದಿನ ನಾನು ಗಾಡಿಯ ಕೆಳಗಿಂದ ದೊಡ್ಡ ಪಂಡಿತನ ಹಾಗೆ ಕೂಗಿದೆ: “ಸಾಬ್ರೇ, ಶಾಕು ಲೀಕು!”

ಅವರು ಬೀಡಿ ಆರಿಸಿ ಬಗ್ಗಿ ನೋಡಿದರು. “ಅರೆ ಶಿವಣ್ಣ, ಇದು ಹೊರಗಿಂದು ಎಣ್ಣೆನಾ ಒಳಗಿಂದು ಎಣ್ಣೆನಾ? ಎಣ್ಣೆ ಬಂದು ನಿನ್ ಕಿವೀಲಿ ಹೇಳ್ತಾ? ಒರೆಸು ಮೊದ್ಲು. ಒರೆಸಿ ಇಲವಾಲದ ತನಕ ಓಡಿಸ್ಕೊಂಡು ಬಾ. ವಾಪಸ್ ಬಂದ್ಮೇಲೂ ಒದ್ದೆ ಇದ್ರೆ ಬಾಯಿ ಬಿಡು. ಅಲ್ಲೀ ತನಕ ಮುಚ್ಕೊಂಡಿರು.”

ಒರೆಸಿ ಓಡಿಸಿ ಬಂದೆ. ಒಣಗಿತ್ತು. ಮೇಲೆ ಯಾರೋ ಬ್ರೇಕ್ ಆಯಿಲ್ ಚೆಲ್ಲಿದ್ದರಂತೆ.

ಅದೇ ಗ್ಯಾರೇಜಿನಲ್ಲಿ ನನ್ನ ಮೊದಲ ದೊಡ್ಡ ಸಾಧನೆಯೂ ನಡೆಯಿತು. ಮುಂದಿನ ಶಾಕನ್ನು ಸ್ಪ್ರಿಂಗಿನ ಸಮೇತ ಹೊರಗೆ ತೆಗೆದ ಮೇಲೆ, ಸ್ಪ್ರಿಂಗನ್ನು ಕ್ಲ್ಯಾಂಪಿನಲ್ಲಿ ಬಿಗಿದು ಹಿಡಿದುಕೊಂಡು ಆಮೇಲೆ ಮಾತ್ರ ಶಾಕಿನ ತಲೆಯ ನಡುವಿನ ನಟ್ಟು ಬಿಚ್ಚಬೇಕು. ನಾನು ನೇರವಾಗಿ ನಟ್ಟಿಗೇ ಕೈ ಹಾಕಿದೆ. ಸ್ಪ್ರಿಂಗು ನನ್ನ ಕಿವಿಯ ಪಕ್ಕದಲ್ಲೇ ಹಾರಿ, ಶೀಟು ಒಡೆದು, ಪಕ್ಕದ ಮನೆಯವರು ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಇಳಿಯಿತು. ಬಷೀರ್ ಸಾಬರು ಒಂದು ಮಾತೂ ಬೈಯಲಿಲ್ಲ. ನನ್ನ ಎರಡೂ ಕೈ ಹಿಡಿದು ಬೆರಳು ಎಣಿಸಿದರು: “ಏಕ್, ದೋ, ತೀನ್…” ಹತ್ತಕ್ಕೆ ಬಂದ ಮೇಲೆ, “ಎಲ್ಲಾ ಇದೆ. ಹೋಗು, ಮೆಣಸಿನಕಾಯಿ ಆರಿಸ್ಕೊಟ್ಟು ಬಾ,” ಎಂದರು. ಆ ತೂತನ್ನು ಅವರು ಮುಚ್ಚಿಸಲೇ ಇಲ್ಲ. ಮಳೆ ಬಂದಾಗೆಲ್ಲ ನನ್ನನ್ನೇ ಅದರ ಕೆಳಗೆ ಕೂರಿಸುತ್ತಿದ್ದರು.

ಅಲ್ಲಿಂದ ನಾನು ಹಿನಕಲ್ ಕಡೆಯ ಒಂದು ಕಂಪನಿ ವರ್ಕ್‌ಶಾಪಿಗೆ ಸೇರಿದೆ. ಅಲ್ಲಿ ನನ್ನ ಮೇಲಿದ್ದವರು ವರ್ಕ್ಸ್ ಮ್ಯಾನೇಜರ್ ಶೇಷಾದ್ರಿಗಳು. ಚಾಮರಾಜಪುರಂನವರು, ಅವರ ತಾತನವರು ಅರಮನೆಯಲ್ಲಿ ಕೆಲಸಕ್ಕಿದ್ದವರಂತೆ. ಅದಕ್ಕೋ ಏನೋ, ಗಾಡಿಯಲ್ಲಿ ದೋಷವಿದೆ ಎಂದರೆ ದರ್ಬಾರಿಗೆ ಬಂದವರ ಹಾಗೆ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, “ನಡೆಸಪ್ಪ” ಎನ್ನುತ್ತಿದ್ದರು. ನಾನು ಹಂಪುಗಳ ಮೇಲೆ ಓಡಿಸಬೇಕು. ಮೂರನೇ ಹಂಪಿಗೆ ಕಣ್ಣು ಮುಚ್ಚಿಕೊಂಡೇ, “ಹಿಂದಿನ ಎಡಗಡೇದು ಕಣಯ್ಯ” ಎನ್ನುತ್ತಿದ್ದರು. ಎಡಗಡೆಯದೇ ಆಗಿರುತ್ತಿತ್ತು.

ಒಮ್ಮೆ ಒಬ್ಬ ನಿವೃತ್ತ ಹೆಡ್‌ಮಾಸ್ಟರರ ಕಾರು ಬಂತು. ಹಿಂದೆ ಗುಡುಗುಡು ಶಬ್ದ. ಬೇರೆ ಕಡೆ ಎರಡು ಶಾಕ್ ಬದಲಾಯಿಸಿದ್ದರು, ಶಬ್ದ ಕದಲಿರಲಿಲ್ಲ. ಶೇಷಾದ್ರಿಗಳು ಕಣ್ಣು ಮುಚ್ಚಿ ಕೂತು ಹೇಳಿದರು: “ಶಿವಣ್ಣ, ಶಾಕ್ ಬಡಿಯುತ್ತೆ. ಇದು ಉರುಳ್ತಾ ಇದೆಯಲ್ಲಯ್ಯ.” ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದರೆ ಕೆಳಗೆ ಒಂದು ತೆಂಗಿನಕಾಯಿ, ಕುಂಕುಮದ ಸಮೇತ.

ಹೆಡ್‌ಮಾಸ್ಟರರು ಹಣೆ ಚಚ್ಚಿಕೊಂಡರು. “ಅಯ್ಯೋ, ಆಯುಧಪೂಜೆ ದಿನ ಇದನ್ನ ಎಷ್ಟು ಹುಡುಕಿದ್ವಿ ಕಣ್ರೀ! ನಮ್ಮನೆಯೋಳು ಹೂವಿನೋಳ ಮೇಲೆ ಅನುಮಾನ ಪಟ್ಟಿದ್ಲು.”

ಶೇಷಾದ್ರಿಗಳು ನಗಲಿಲ್ಲ. ಜಾಬ್ ಕಾರ್ಡ್ ತರಿಸಿ ಬರೆದರು: ‘ದೋಷ: ತೆಂಗಿನಕಾಯಿ. ಪರಿಹಾರ: ಮಾಲೀಕರಿಗೆ ಹಿಂದಿರುಗಿಸಲಾಯಿತು.’

ಆಯುಧಪೂಜೆಯ ಮಾತು ಬಂದಿದ್ದರಿಂದ ಈಗ ಎಣ್ಣೆಗೆ ಬರುತ್ತೇನೆ. ಮೈಸೂರಿನಲ್ಲಿ ಹಬ್ಬಕ್ಕೆ ಮುಂಚಿನ ವಾರ ಊರಿನ ಗಾಡಿಗಳೆಲ್ಲ ಅಭ್ಯಂಜನಕ್ಕೆ ಬರುತ್ತವೆ. ಮೇಲೆ ಶಾಂಪೂ, ಕೆಳಗೆ ನೀರಿನ ಪ್ರೆಶರ್, ಕೊನೆಗೆ ಎಣ್ಣೆ ಸ್ಪ್ರೇ: ಬಳಸಿದ ಎಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಗಾಡಿಯ ತಳಕ್ಕೆಲ್ಲ ಹೊಡೆಯುವುದು. ತುಕ್ಕು ಹಿಡಿಯುವುದಿಲ್ಲ ಎನ್ನುವುದು ಹೆಸರಿಗೆ. ನಿಜವಾದ ಕಾರಣ, ಕಪ್ಪಗೆ ಮಿರಿಮಿರಿ ಮಿಂಚುತ್ತದೆ, ಮಾಲೀಕರಿಗೆ ಖುಷಿಯಾಗುತ್ತದೆ. ರಬ್ಬರ್ ಬುಷ್‌ಗಳಿಗೆ ಆ ಎಣ್ಣೆ ವಿಷ. ಹೇಳಿದರೆ ಯಾರು ಕೇಳುತ್ತಾರೆ? ಹಬ್ಬ.

ಈ ಸ್ಪ್ರೇ ಆದ ಮೇಲೆ ಹದಿನೈದು ದಿನ ಪ್ರತಿ ಗಾಡಿಯ ಪ್ರತಿ ಶಾಕೂ ಲೀಕ್ ಆದ ಹಾಗೆಯೇ ಕಾಣುತ್ತದೆ. ಶೇಷಾದ್ರಿಗಳು ಅದಕ್ಕೊಂದು ಕ್ರಮ ಮಾಡಿದ್ದರು. ಸ್ಪ್ರೇ ಹೊಡೆದ ಗಾಡಿಯ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಪೂಜೆ ಎಣ್ಣೆ’ ಎಂದು ಬರೆಯಬೇಕು. ಆ ಎರಡು ಮಾತು ಇದ್ದರೆ, ಒರೆಸಿ ಓಡಿಸಿ ನೋಡದೆ ಶಾಕಿನ ಬಗ್ಗೆ ಯಾರೂ ತೀರ್ಪು ಕೊಡುವ ಹಾಗಿಲ್ಲ. ಬಷೀರ್ ಸಾಬರಿಗೂ ಶೇಷಾದ್ರಿಗಳಿಗೂ ಪರಿಚಯವೇ ಇರಲಿಲ್ಲ. ಇಬ್ಬರೂ ಹೇಳಿದ್ದು ಒಂದೇ.

ಶೇಷಾದ್ರಿಗಳು ನಿವೃತ್ತರಾದರು. ಅವರ ಕುರ್ಚಿಗೆ ಕಿರಣ್ ಎಂಬ ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಇಸ್ತ್ರಿಯ ಮನುಷ್ಯ. ಬೆಳಿಗ್ಗೆ ನಮ್ಮನ್ನೆಲ್ಲ ವೃತ್ತಾಕಾರವಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದರು. ಯಾರಿಗೆ, ಯಾಕೆ ಎಂದು ಕೊನೆಯವರೆಗೂ ತಿಳಿಯಲಿಲ್ಲ. ಕಾರ್ಡುಗಳು ಹೋಗಿ ಟ್ಯಾಬ್ ಬಂತು. ಟ್ಯಾಬಿನಲ್ಲಿ ಕೆಂಪು ಶಾಯಿಗೆ ಜಾಗವಿರಲಿಲ್ಲ. ಬದಲಿಗೆ ಹೊಸ ನಿಯಮ: ಒದ್ದೆಯಾಗಿ ಕಂಡ ಶಾಕಿನ ಫೋಟೋ ತೆಗೆದು, ‘ಲೀಕ್’ ಎಂದು ಒತ್ತಿ, ಮಾಲೀಕರ ಫೋನಿಗೆ ಕಳಿಸಬೇಕು.

ಆ ವರ್ಷದಿಂದ ಆಯುಧಪೂಜೆ ಮುಗಿದ ಕೂಡಲೇ ಮೈಸೂರಿನ ಗಾಡಿಗಳಿಗೆ ಶಾಕ್ ಲೀಕ್ ಎಂಬ ಕಾಯಿಲೆ ಮದ್ರಾಸ್ ಐ ಹರಡಿದ ಹಾಗೆ ಹರಡತೊಡಗಿತು. ಎಣ್ಣೆ ಹೊಡೆದವರು ನಾವು. ಫೋಟೋ ತೆಗೆದವರು ನಾವು. ‘ನಿಮ್ಮ ಸುರಕ್ಷತೆಯೇ ನಮ್ಮ ಕಾಳಜಿ’ ಎಂದು ಮರುಗಿದವರೂ ನಾವೇ. ಹಬ್ಬದ ಮರುವಾರ ಶಾಕ್‌ಗಳ ಮಾರಾಟ ಕಂಡು ಮೇಲಿನವರು ಕಿರಣ್ ಅವರಿಗೆ ಒಂದು ಗಾಜಿನ ಸ್ಮರಣಿಕೆ ಕೊಟ್ಟರು.

ನಾನು ಅವರ ಗಾಜಿನ ಕೋಣೆಗೆ ಹೋಗಿ ಹೇಳಿದೆ, “ಸಾರ್, ಇದು ನಾವೇ ಹೊಡೆದ ಎಣ್ಣೆ.”

“ಶಿವಣ್ಣ ಅವ್ರೇ, ಫೋಟೋ ಸುಳ್ಳು ಹೇಳುತ್ತಾ?”

“ಇಲ್ಲ ಸಾರ್. ಎಣ್ಣೆ ಹೊಡೆದ ಪಂಪು ಫೋಟೋದಲ್ಲಿ ಬಂದಿಲ್ಲ, ಅಷ್ಟೆ.”

“ನೀವು ಹಳೇ ಕಾಲದೋರು. ಕೈಯಲ್ಲಿ ಮುಟ್ಟಿ ನೋಡೋರು. ಈಗ ಎಲ್ಲಾದಕ್ಕೂ ದಾಖಲೆ ಬೇಕು.”

ಸಿಟ್ಟು ನೆತ್ತಿಗೇರಿತು. ಆದರೂ ವಾಪಸ್ ಬಂದು ಮಾಡಿದ್ದೇನು? ಶಾಕ್ ಬಿಚ್ಚಿದೆ. ಗಟ್ಟಿಮುಟ್ಟಾದ ಶಾಕ್‌ಗಳನ್ನು ನನ್ನ ಕೈಯಾರೆ ಬಿಚ್ಚಿದೆ. ಬಿಚ್ಚಿದ ಮೇಲೆ ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿ ರಾಡನ್ನು ಒತ್ತಿ ನೋಡುತ್ತಿದ್ದೆ. ಒತ್ತಲು ಬಲ ಬೇಕಾಗುತ್ತಿತ್ತು. ಕೈ ಬಿಟ್ಟರೆ ನಿಧಾನವಾಗಿ ಮೇಲೇಳುತ್ತಿತ್ತು. ಇನ್ನೂ ನಾಲ್ಕು ವರ್ಷ ಓಡುವಂಥವು. ಅವನ್ನು ಗುಜರಿ ಡ್ರಮ್ಮಿಗೆ ಹಾಕಿ, ಊಟದ ಡಬ್ಬಿ ತೆಗೆದು, ಊಟ ಮಾಡುತ್ತಿದ್ದೆ. ಇದನ್ನು ಹೇಳದೆ ಕಿರಣ್ ಅವರನ್ನು ಮಾತ್ರ ಬೈದರೆ ನಾನು ಆ ಸ್ಮರಣಿಕೆಯಲ್ಲಿ ನನ್ನ ಪಾಲು ಮುಚ್ಚಿಟ್ಟ ಹಾಗಾಗುತ್ತದೆ.

ಆಮೇಲೆ ನಾನೊಂದು ಗುಟ್ಟಿನ ಚಳವಳಿ ಆರಂಭಿಸಿದೆ. ಗೊತ್ತಿದ್ದ ಗಿರಾಕಿ ಬಂದರೆ ಪಕ್ಕಕ್ಕೆ ಕರೆದು, “ಅದು ಪೂಜೆ ಎಣ್ಣೆ, ಸುಮ್ನೆ ಹೋಗಿ,” ಎಂದು ಪಿಸುಗುಟ್ಟುತ್ತಿದ್ದೆ. ಮೊದಮೊದಲು ಒರೆಸಿ, ಓಡಿಸಿ ನೋಡಿ ಹೇಳುತ್ತಿದ್ದೆ. ಹೇಳಿದ್ದೆಲ್ಲ ನಿಜವಾಗುತ್ತಾ ಬಂತು. ನನ್ನ ಹೆಸರು ಹರಡಿತು. ಧರ್ಮಾತ್ಮ ಎನಿಸಿಕೊಳ್ಳುವುದರಲ್ಲಿ ಒಂದು ರುಚಿ ಇದೆ, ಅದು ಬೇಗ ನಾಲಿಗೆಗೆ ಹತ್ತುತ್ತದೆ.

ನಿಂಗರಾಜು ಬಂದದ್ದು ಹಬ್ಬವಾದ ಮೂರನೇ ದಿನ. ಸ್ವಂತದ್ದೊಂದೇ ಕಾರು. ಬೆಳಿಗ್ಗೆ ಹಿನಕಲ್‌ನಿಂದ ನಾಲ್ಕು ಜನ ಹೆಣ್ಣುಮಕ್ಕಳನ್ನು ಒಂದು ಫ್ಯಾಕ್ಟರಿಗೆ ಬಿಡುವುದು, ಸಂಜೆ ಕರೆತರುವುದು, ಅದೇ ಅವನ ಬದುಕು. ಆ ಕಾಂಟ್ರ್ಯಾಕ್ಟ್ ತಪ್ಪಿದರೆ ಕಾರು ಮನೆ ಮುಂದೆ ನಿಲ್ಲುತ್ತದೆ, ಅವನು ಕಾರಿನ ಪಕ್ಕ ನಿಲ್ಲುತ್ತಾನೆ. ಬಂದವನೇ ಫೋನ್ ಚಾಚಿದ.

“ಅಣ್ಣೋ, ಪೋಟೊ ಬಂದದೆ ನೋಡಿ. ಮುಂದ್ಗಡೆ ಎರಡೂ ಲೀಕು ಅಂತವ್ರೆ. ನೀವೇನಂತೀರಾ? ನೀವು ಆಕ್ಸು ಅಂದ್ರೆ ಆಕ್ಸ್ತೀನಿ. ಬ್ಯಾಡ ಅಂದ್ರೆ ಬುಟ್ಬುಡ್ತೀನಿ.”

“ಪೂಜೆ ಎಣ್ಣೆ ಕಣೋ ಅದು.”

“ಅಲ್ಲ ಕಣಣ್ಣ, ಬ್ರೇಕ್ ಇಡುದ್ರೆ ಒಸಿ ಮುಂದಕ್ಕೆ ಬಗ್ಗ್ದಂಗಾಯ್ತದೆ…”

“ನಾಲ್ಕು ಜನ ಕೂತ್ಮೇಲೆ ಬಗ್ಗದೆ ಇನ್ನೇನು ಭರತನಾಟ್ಯ ಆಡುತ್ತಾ? ಹೋಗೋ ಸುಮ್ನೆ.”

ಅವನು ನಕ್ಕ. ಹೋದ.

ಒರೆಸುವ ಬಟ್ಟೆ ನನ್ನ ಹೆಗಲ ಮೇಲೇ ಇತ್ತು. ಒರೆಸಲಿಲ್ಲ. ಬಾನೆಟ್ಟಿನ ಮೂಲೆಯನ್ನು ಒಮ್ಮೆ ಒತ್ತಿ ಬಿಡಬಹುದಿತ್ತು, ಒತ್ತಲಿಲ್ಲ. ಟೈರಿನ ಮೇಲೆ ಕೈ ಆಡಿಸಲಿಲ್ಲ. ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತದೆ ಎಂದು ಅವನೇ ಬಾಯಿಬಿಟ್ಟು ಹೇಳಿದ್ದ; ನಾನು ಮೊದಲ ವರ್ಷ ಕಲಿತ ಪಾಠ ಅದು. ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಶಾಕನ್ನಲ್ಲ, ಗಾಜಿನ ಕೋಣೆಯೊಳಗಿನ ಕಿರಣ್ ಅವರ ಮುಖವನ್ನು. ಇನ್ನೊಂದು ಜೊತೆ ಶಾಕ್ ಅವರ ಕೈ ತಪ್ಪಿತಲ್ಲ ಎನ್ನುವ ಸಂತೋಷದಲ್ಲಿದ್ದೆ.

ಒಂಬತ್ತು ದಿನಕ್ಕೆ, ರಿಂಗ್ ರೋಡಿನಲ್ಲಿ ಮುಂದಿದ್ದ ಬಸ್ಸು ತಟ್ಟನೆ ನಿಂತಿತು. ನಿಂಗರಾಜು ಬ್ರೇಕ್ ಹಿಡಿದ. ಗಾಡಿ ಮುಗ್ಗರಿಸಿ, ಹಿಡಿತ ತಪ್ಪಿ ಡಿವೈಡರಿಗೆ ಬಡಿಯಿತು. ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಕಾಲರ್ ಬೋನ್ ಮುರಿಯಿತು. ಉಳಿದವರಿಗೆ ತರಚು ಗಾಯ.

ಕಾರನ್ನು ಎಳೆದುಕೊಂಡು ನಮ್ಮಲ್ಲಿಗೇ ತಂದರು. ಆಗ ಒರೆಸಿದೆ. ಬಲಗಡೆಯ ಶಾಕ್ ಒಣಗಿತ್ತು, ಆಡಿಸಿದ ಮೇಲೂ ಒಣಗಿಯೇ ಇತ್ತು. ಎಡಗಡೆಯದನ್ನು ಒರೆಸಿ, ಒಂದೆರಡು ಸಲ ಆಡಿಸಿದರೆ ಸೀಲಿನ ಬಾಯಿಂದ ಮತ್ತೆ ಎಣ್ಣೆ ಜಿನುಗಿತು. ಬಿಚ್ಚಿ ಒತ್ತಿದೆ. ಒಂದೇ ಕೈಗೆ ರಾಡು ತಳದವರೆಗೂ ಇಳಿದು, ಹೋದಲ್ಲೇ ಕೂತುಬಿಟ್ಟಿತು. ಆ ವರ್ಷ ನಮ್ಮ ವರ್ಕ್‌ಶಾಪಿನಿಂದ ಹೋದ ಅಷ್ಟೂ ಸುಳ್ಳು ಫೋಟೋಗಳ ನಡುವೆ ಒಂದು ನಿಜವಿತ್ತು. ಅದನ್ನೇ ಹುಡುಕಿ ನಾನು ಸುಳ್ಳು ಎಂದಿದ್ದೆ.

ಹೊಸ ಶಾಕ್‌ಗಳನ್ನು ಕೂರಿಸಿದವನೂ ನಾನೇ. ಕಲಿಯುವವರಿಗಾಗಿ ಬರೆಯುತ್ತೇನೆ: ಒಂದು ಹೋದರೂ ಎರಡೂ ಬದಲಾಯಿಸಬೇಕು, ಒಂದು ಹೊಸದು ಒಂದು ಹಳೆಯದು ಇದ್ದರೆ ಗಾಡಿ ಕುಂಟುತ್ತದೆ. ಜಾಕೊಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಬ್ರೇಕ್ ಹೋಸನ್ನು ಮೊದಲು ಬಿಡಿಸಿಕೊಳ್ಳಿ. ಸ್ಪ್ರಿಂಗ್ ಬಿಗಿಯದೆ ನಡುವಿನ ನಟ್ಟು ಮುಟ್ಟಬೇಡಿ. ಎಲ್ಲರ ಪಕ್ಕದ ಮನೆಯಲ್ಲೂ ಮೆಣಸಿನಕಾಯಿ ಒಣಹಾಕಿರುವುದಿಲ್ಲ. ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ಒಳಗಿನ ಗಾಳಿ ಬಿಡಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಷ್ಟನ್ನೂ ನಾನು ಅವತ್ತು ತಪ್ಪಿಲ್ಲದೆ ಮಾಡಿದೆ. ತಡವಾಗಿ ತಪ್ಪಿಲ್ಲದೆ ಮಾಡುವುದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಫ್ಯಾಕ್ಟರಿಯವರು ನಮ್ಮ ವರ್ಕ್‌ಶಾಪಿನಿಂದ ದಾಖಲೆ ಕೇಳಿದರು. ಟ್ಯಾಬಿನಲ್ಲಿ ಸಿದ್ಧವಾಗಿತ್ತು: ‘ಶಾಕ್ ಲೀಕ್ ಇರುವುದನ್ನು ಫೋಟೋ ಸಮೇತ ತಿಳಿಸಲಾಗಿದೆ. ಗ್ರಾಹಕರು ನಿರಾಕರಿಸಿದ್ದಾರೆ.’ ಗೊತ್ತಿದ್ದೂ ನೌಕರರ ಜೀವದ ಜೊತೆ ಆಟವಾಡಿದ ಎಂದು ನಿಂಗರಾಜುವಿನ ಕಾಂಟ್ರ್ಯಾಕ್ಟ್ ನಿಲ್ಲಿಸಿದರು.

ಅವನು ಗೇಟಿನ ಹತ್ತಿರ ನನಗಾಗಿ ಕಾದಿದ್ದ.

“ನಾನು ನಿರಾಕರಿಸ್ದೆ ಅಂತ ಬರ್ದವ್ರಲ್ಲಣ್ಣ. ನಾನ್ಯಾವಾಗ ನಿರಾಕರಿಸ್ದೆ? ಆ ಪದಾನೇ ನನ್ ಬಾಯಲ್ಲಿ ಬರಾಕಿಲ್ಲ. ಬ್ಯಾಡ ಅಂದೋರು ನೀವು. ಅದ್ನ ಎಲ್ಲೂ ಬರ್ದಿಲ್ಲ.”

“ನಾನು ಬರ್ಕೊಡ್ತೀನಿ.”

“ಬರ್ಕೊಟ್ರೆ ನಿಮ್ ಕೆಲ್ಸ ಉಳ್ದದಾ?”

“ಅದನ್ನ ಕಟ್ಕೊಂಡು ನಿಂಗೇನೋ? ನಿನ್ ಗಾಡಿ ನಿಂತಿದೆ, ಅದನ್ನ ನೋಡು.”

“ಬೈಬ್ಯಾಡಿ ಅಣ್ಣ. ಬೈಬೇಕಾದೋನು ನಾನು.”

ಅದು ಸರಿಯಾಗಿತ್ತು. ಅವತ್ತು ರಾತ್ರಿಯೇ ಪತ್ರ ಬರೆಯಲು ಕೂತೆ.

ಪತ್ರ ಬರೆಯುತ್ತಿರುವುದು ಕಿರಣ್ ಅವರಿಗೆ ಹೇಗೋ ತಿಳಿಯಿತು. ಕರೆಸಿ ಕೂರಿಸಿ ಕಾಫಿ ತರಿಸಿದರು. ಅಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಸಿಕ್ಕಿದ ಮೊದಲ ಕಾಫಿ.

“ಬರೀರಿ, ಬೇಡ ಅನ್ನಲ್ಲ. ನೀವು ಪರೀಕ್ಷೆ ಮಾಡದೆ ಬೇಡ ಅಂದ್ರಿ ಅಂತ ಬರೀರಿ, ಅದು ನಿಮ್ಮ ದೊಡ್ಡತನ. ಸ್ಪ್ರೇ ವಿಷಯ ಯಾಕೆ ತರ್ತೀರಾ?”

“ಸಾರ್, ಊರಿಗೆಲ್ಲಾ ಎಣ್ಣೆ ಬಳಿದು ಊರಿಗೆಲ್ಲಾ ಲೀಕು ಅಂದ್ರಲ್ಲ, ಅದಕ್ಕೇ ನಿಜವಾದ ಲೀಕು ಕಾಣದೆ ಹೋಯ್ತು. ನನ್ನ ಕಣ್ಣಿಗೂ ಕಾಣಲಿಲ್ಲ. ಒಬ್ಬ ಹೆಣ್ಣುಮಗಳ ಮೂಳೆ ಮುರಿದಿದೆ. ನಿಮ್ಮ ಟ್ಯಾಬಿನಲ್ಲಿ ಅದಕ್ಕೆ ಯಾವ ಬಟನ್ ಒತ್ತಬೇಕು ಹೇಳಿ, ಒತ್ತುತ್ತೀನಿ.”

“ಧ್ವನಿ ತಗ್ಗಿಸಿ ಮಾತಾಡಿ.”

ತಗ್ಗಿಸಲಿಲ್ಲ. ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಶಬ್ದ ನಿಂತುಹೋಯಿತು. ಅಷ್ಟು ವರ್ಷ ಬೇರೆಯವರ ಗಾಡಿಗಳ ಕೆಳಗೆ ಮಲಗಿ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು. ಬಂದದ್ದನ್ನೆಲ್ಲ ಇಲ್ಲಿ ಅಚ್ಚು ಮಾಡುವ ಹಾಗಿಲ್ಲ. ಕಾಫಿಯನ್ನು ಮಾತ್ರ ಕುಡಿದು ಎದ್ದೆ, ಚೆನ್ನಾಗಿತ್ತು.

ಪತ್ರ ಎರಡು ಪುಟವಾಯಿತು. ಸ್ಪ್ರೇ ಹೊಡೆಯುವ ಪದ್ಧತಿ, ಫೋಟೋ ನಿಯಮ, ಕೆಂಪು ಶಾಯಿ ನಿಂತದ್ದು, ನಾನು ಒರೆಸದೆ ಹೇಳಿದ್ದು, ನಿಂಗರಾಜು ನನ್ನ ಮಾತಿನ ಮೇಲೆ ಹೋದದ್ದು, ಎಲ್ಲವನ್ನೂ ಬರೆದು ಸಹಿ ಮಾಡಿ, ಅವನ ಜೊತೆ ನಾನೇ ಫ್ಯಾಕ್ಟರಿಗೆ ಹೋಗಿ ಕೊಟ್ಟೆ. ಅಲ್ಲಿನ ಸಾರಿಗೆ ಅಧಿಕಾರಿ ಎರಡು ಸಲ ಓದಿದರು.

“ಅಂದ್ರೆ ವರ್ಕ್‌ಶಾಪಿನ ಫೋಟೋ ಸರಿಯಾಗಿತ್ತು?”

“ಎಡಗಡೇದು ಸರಿಯಾಗಿತ್ತು ಸಾರ್.”

“ನೀವು ಹೇಳಿದ್ದು ತಪ್ಪು?”

“ತಪ್ಪು.”

“ಮತ್ತೆ ಫೋಟೋ ಮೇಲೆ ಯಾಕ್ರೀ ಇಷ್ಟು ಸಿಟ್ಟು ನಿಮಗೆ?”

“ಸಾರ್, ಹೊಳೇಲಿ ಮುಳುಗಿ ಎದ್ದೋರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಲ್ಲರೂ ಜ್ವರ ಬಂದು ಬೆವರಿದ್ದಾರೆ ಅಂತ ಬರೆದ್ರೆ, ಅದರಲ್ಲಿ ಒಬ್ಬನಿಗೆ ನಿಜವಾಗ್ಲೂ ಜ್ವರ ಇರಬಹುದು. ಬರೆದೋರು ಡಾಕ್ಟ್ರು ಆಗಲ್ಲ.”

ಅವರು ನಿಂಗರಾಜುವಿನ ಕಡೆ ತಿರುಗಿದರು. “ನೀನೇನಪ್ಪ ಹೇಳ್ತೀಯ?”

“ಏನ್ ಏಳ್ಳಿ ಸಾರ್. ಪೋನು ಒಂದೇಳ್ತು, ಅಣ್ಣ ಒಂದೇಳ್ದ್ರು. ನಾನು ಮನುಸ್ರ ಮಾತು ಕೇಳ್ದೆ.”

ಅಧಿಕಾರಿ ಪತ್ರವನ್ನು ಫೈಲಿಗೆ ಸೇರಿಸಿ, ತಿಳಿಸುತ್ತೇವೆ ಎಂದರು.

ಆ ತಿಂಗಳ ಕೊನೆಗೆ ನನ್ನನ್ನು ನಿವೃತ್ತಿಯ ಅವಧಿಗೆ ಹತ್ತು ತಿಂಗಳು ಮುಂಚೆಯೇ ಅತ್ಯಂತ ಗೌರವದಿಂದ ಮನೆಗೆ ಕಳಿಸಿದರು. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ. ಕಿರಣ್ ಅವರು ನನ್ನ ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅವರು ಮಾತಾಡುತ್ತಿರುವಾಗ ಹಿಂದುಗಡೆ ಒಂದು ಗಾಡಿಗೆ ಎಣ್ಣೆ ಹೊಡೆಯುತ್ತಿದ್ದರು. ಭಾಷಣದ ಕೆಲವು ಉತ್ತಮ ಭಾಗಗಳು ನನಗೆ ಕೇಳಿಸಲಿಲ್ಲ.

ಫ್ಯಾಕ್ಟರಿಯವರು ಏಳು ವಾರದ ಮೇಲೆ ನಿಂಗರಾಜುವಿನ ಕಾಂಟ್ರ್ಯಾಕ್ಟನ್ನು ವಾಪಸ್ ಕೊಟ್ಟರು. ಒಂದು ಷರತ್ತು ಹಾಕಿದರು: ಪ್ರತಿ ತಿಂಗಳೂ ಅದೇ ವರ್ಕ್‌ಶಾಪಿನಿಂದ ಫೋಟೋ ಸಮೇತ ವರದಿ ತರಬೇಕು. ತರುತ್ತಿದ್ದಾನೆ. ಒಂದೂವರೆ ವರ್ಷದಲ್ಲಿ ಅವನ ಗಾಡಿಯ ಮುಂದಿನ ಶಾಕ್‌ಗಳನ್ನು ಮೂರು ಸಲ ಬದಲಾಯಿಸಿದ್ದಾರೆ.